ಹಂಡ್ಯಾ ಗರಗಕ್ಕೆ ನಡೆದದ್ದು

ಮೇ ಒಂದನೆಯ ತಾರೀಖು ಬೆಳಗಿನ ನಾಲ್ಕೂಮುಕ್ಕಾಲಿಗೆ ಹುಬ್ಬಳ್ಳಿಯ ಕಮರಿಪೇಟೆಯಿಂದ ಗರಗಕ್ಕೆ ಕಾಲ್ನಡಿಗೆಯಲ್ಲಿ ಹೊರಟೆವು. ನಾನು, ನಮ್ಮ ಬಸಪ್ಪ ಕಾಕಾ, ಮತ್ತು ನಮ್ಮ ನಾಯಿ ಹಂಡ್ಯಾ. ಧಾರವಾಡದವರೆಗೆ ಹನ್ನೆರಡೂವರೆ ಮೈಲಿ, ಅಲ್ಲಿಂದ ಗರಗಕ್ಕೆ ಹತ್ತು. ಧಾರವಾಡದವರೆಗೆ ರೈಲಿನ ಮೂರನೆಯ ವರ್ಗದಲ್ಲಿ ತಲೆಗೆ ಮೂರು ಆಣೆ ಕೊಟ್ಟರೆ ಒಂದು ತಾಸಿನೊಳಗೆ ಮುಟ್ಟಬಹುದು. ಅಪ್ಪ, ಅವ್ವ, ತಂಗಿ ಮರುದಿನ ಹಾಗೆಯೇ ಬರುವವರಿದ್ದರು. ನಾವು ನಡೆದದ್ದು ಹಂಡ್ಯಾನ ಸಲುವಾಗಿ.

ಗರಗದಲ್ಲಿ ನನ್ನ ಸೋದರತ್ತೆಯ ಮನೆ. ಬೇಸಿಗೆಯ ರಜೆಯ ಒಂದು ತಿಂಗಳು ನಾವು ಅಲ್ಲಿಯೇ ಇರುವುದು ರೂಢಿ. ಹೋದ ದೀಪಾವಳಿಗೆ ಹಂಡ್ಯಾನನ್ನೂ ರೈಲಿನಲ್ಲಿ ಒಯ್ಯಲು ನೋಡಿದೆವು. ನಾಯಿಗೂ ಚೀಟಿ ತೆಗೆಸಿ, ಗಾರ್ಡಿನ ಡಬ್ಬಿಯಲ್ಲಿರುವ ಕತ್ತಲೆಯ ಗೂಡಿನೊಳಗೆ ಹಾಕಬೇಕು. ಗೂಡಿನ ಬಾಗಿಲು ಕಂಡದ್ದೇ ತಡ, ಹಂಡ್ಯಾ ಸರಪಳಿ ಕಿತ್ತುಕೊಂಡು ಓಡಿತು. ಅಂದು ನಮ್ಮ ರೈಲು ತಪ್ಪಿತು. ಇನ್ನೊಮ್ಮೆ ಆ ಫಜೀತಿ ಬೇಡವೆಂದು ಅಪ್ಪ ಆಗಲೇ ಹೇಳಿಬಿಟ್ಟಿದ್ದರು.

ಅಪ್ಪ ಹತ್ತಿ ಪೇಟೆಯಲ್ಲಿ ಒಬ್ಬ ಸಾಹುಕಾರರ ಕಡೆ ಗುಮಾಸ್ತರು. ಸಾಹುಕಾರರ ವಖಾರಿಗೆ, ಅಂದರೆ ಹತ್ತಿಯ ಮೂಟೆಗಳನ್ನು ಒಟ್ಟುವ ಗೋದಾಮಿಗೆ, ಕಾವಲಿಗೊಂದು ನಾಯಿ ಬೇಕಾಗಿತ್ತು. ಮೊದಲಿದ್ದ ನಾಯಿಯನ್ನು ನಾನು ನೋಡಿದ್ದೆ. ಹಗಲೂ ರಾತ್ರಿ ಸರಪಳಿಯಲ್ಲಿದ್ದು ಅದರ ಕೊರಳ ಸುತ್ತ ಕೂದಲೇ ಇರಲಿಲ್ಲ. ನಾವು ಊರಿಗೆ ಹೋಗುವ ದಿನ ಹಂಡ್ಯಾನನ್ನು ಕಾಯಂ ಆಗಿ ಕೊಟ್ಟುಬಿಡುವುದಾಗಿ ಅಪ್ಪ ಮಾತು ಕೊಟ್ಟುಬಂದರು. ನಾನು ಎರಡು ಹೊತ್ತು ಊಟ ಮಾಡಲಿಲ್ಲ. ಮೂರನೆಯ ಹೊತ್ತಿಗೆ ಅಪ್ಪ ತಾಟಿನ ಮುಂದೆ ಕೂತುಕೊಂಡು ಒಂದು ಕರಾರು ಹೇಳಿದರು.

"ಗರಗದ ತನಾ ತನ್ನ ಕಾಲಿಲೆ ನಡದು ಬಂತಂದ್ರ ನಿನ್ನ ನಾಯಿ. ಹಾದ್ಯಾಗ ಹಿಂದಕ್ಕ ಹೊಳ್ಳಿ ಬಂತಂದ್ರ ವಖಾರಿದು. ಆಮ್ಯಾಲ ಅಳೂ ಹಂಗಿಲ್ಲ ನೋಡು, ನೀಲಾ."

ನಾನು ಒಪ್ಪಿದೆ. ಒಬ್ಬಳೇ ಹೋಗುವುದು ಬೇಡವೆಂದು ಅವ್ವ ಹೇಳಿದ್ದಕ್ಕೆ ಬಸಪ್ಪ ಕಾಕಾ ಜೊತೆಗೆ ಬರಲು ಸಿದ್ಧರಾದರು. ಕಾಕಾ ಅಪ್ಪನ ತಮ್ಮ. ದೊಡ್ಡ ಮೈ, ದೊಡ್ಡ ಮಾತು, ನಡೆಯುವುದೆಂದರೆ ಮಾತ್ರ ಬೇಸರ.

ತಯಾರಿಗೆ ಹದಿನೆಂಟು ದಿನ ಇಟ್ಟುಕೊಂಡೆ. ಏಪ್ರಿಲ್ ಹನ್ನೆರಡರಿಂದ ಇಪ್ಪತ್ತೊಂಬತ್ತರವರೆಗೆ ದಿನಾ ಬೆಳಿಗ್ಗೆ ಐದಕ್ಕೆ ಹಂಡ್ಯಾನನ್ನು ಕರೆದುಕೊಂಡು ಧಾರವಾಡ ರಸ್ತೆಯಲ್ಲಿ ಉಣಕಲ್ಲು ದಾಟಿ ನಾಲ್ಕನೆಯ ಮೈಲಿಗಲ್ಲಿನವರೆಗೆ ಹೋಗುತ್ತಿದ್ದೆ. ದಾರಿಗೆ ಜೊತೆಯಾಗಿ ಒಂದು ದಿನ ಕಾಕಾ, ಒಂದು ದಿನ ಅವ್ವ ಇರುತ್ತಿದ್ದರು. ಕಲ್ಲು ಮುಟ್ಟಿದ ಕೂಡಲೇ ಸೆರಗಿನ ಗಂಟಿನಿಂದ ಒಂದು ಚೂರು ಬೆಲ್ಲ ತೆಗೆದು ಹಂಡ್ಯಾಗೆ ಕೊಡುವುದು, ತಿರುಗಿ ಮನೆಗೆ ಬರುವುದು, ಡೈರಿಯಲ್ಲಿ ಎಂಟು ಮೈಲಿ ಎಂದು ಬರೆಯುವುದು. ಹದಿನೆಂಟು ದಿನಕ್ಕೆ ನೂರಾ ನಲವತ್ತನಾಲ್ಕು ಮೈಲಿ ಆಯಿತು. ಹಂಡ್ಯಾನ ಅಂಗಾಲು ಗಟ್ಟಿಯಾಗಲೆಂದು ರಾತ್ರಿ ಔಡಲೆಣ್ಣೆ ಹಚ್ಚಿದೆ. ಬಿಸಿಲಿಗೆ ಕಾಯ್ದ ರಸ್ತೆಗಾಗಿ ದಪ್ಪ ಖಾದಿಯಲ್ಲಿ ನಾಲ್ಕು ಕಾಲುಚೀಲ ಹೊಲಿದೆ. ಅವನ್ನು ನೋಡಿ ಕಾಕಾ, ತಮ್ಮ ಚಪ್ಪಲಿಗೆ ಅಟ್ಟೆ ಹಾಕಿಸಿ ಎರಡು ವರ್ಷವಾಯಿತು, ಆ ಕಡೆಗೂ ಯಾರಾದರೂ ನೋಡಬೇಕೆಂದರು. ಮೂವತ್ತನೆಯ ತಾರೀಖು ಹಂಡ್ಯಾಗೆ ವಿಶ್ರಾಂತಿ ಕೊಟ್ಟೆ. ನನ್ನ ಲೆಕ್ಕದಲ್ಲಿ ಏನೂ ಬಾಕಿ ಇರಲಿಲ್ಲ.

ಹೊರಟ ದಿನ ಗಾಳಿ ತಂಪಾಗಿತ್ತು. ಕಾಕಾನ ಹೆಗಲಿಗೆ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಗಡಿಗೆ ಇದ್ದ ಚೀಲ. ನನ್ನ ಕೈಯಲ್ಲಿ ನೀರಿನ ತಂಬಿಗೆ ಮತ್ತು ಹಂಡ್ಯಾನ ಹಗ್ಗ. ಉಣಕಲ್ಲ ಕೆರೆಯ ದಂಡೆಯಲ್ಲಿ ಕಾಕಾ ಮುಖ ತೊಳೆದು ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿದರು. ಆರೂವರೆಗೆ ನಾಲ್ಕನೆಯ ಕಲ್ಲು ಬಂತು.

ಹಂಡ್ಯಾ ಕಲ್ಲಿನ ಪಕ್ಕ ಕೂತಿತು. ನಾನು ಬೆಲ್ಲ ಕೊಟ್ಟೆ. ತಿಂದು, ಎದ್ದು, ಹುಬ್ಬಳ್ಳಿಯ ಕಡೆ ಮುಖ ಮಾಡಿ ನಿಂತಿತು.

ಹಗ್ಗ ಎಳೆದೆ, ನಾಲ್ಕೂ ಕಾಲು ಊರಿ ಕೊರಳು ತಗ್ಗಿಸಿತು. ರೊಟ್ಟಿ ತೋರಿಸಿದೆ, ನೋಡಲೇ ಇಲ್ಲ. ಕಾಕಾ ಎರಡೂ ಕೈಯಿಂದ ಎತ್ತಿಕೊಂಡು ಐವತ್ತು ಹೆಜ್ಜೆ ಹೋಗಿ ಇಳಿಸಿದರು. ತಿರುಗಿ ಕಲ್ಲಿಗೇ ಬಂದು ನಿಂತಿತು. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ಹಗ್ಗದ ಕುಣಿಕೆಯಿಂದ ತಲೆ ಜಾರಿಸಿಕೊಂಡು ಮನೆಯ ದಾರಿ ಹಿಡಿದು ಓಡತೊಡಗಿತು. ಅಪ್ಪ ಮರುದಿನ ಬೆಳಿಗ್ಗೆ ಮನೆಗೆ ಕೀಲಿ ಹಾಕುವ ಹೊತ್ತಿಗೆ ವಖಾರಿಯ ಕಾವಲುಗಾರ ಬರುವವನಿದ್ದ. ಹಂಡ್ಯಾ ಮನೆ ಮುಟ್ಟಿದರೆ ಎಲ್ಲ ಮುಗಿದಂತೆಯೇ.

ನಾನು ಸೀರೆ ಎತ್ತಿ ಕಟ್ಟಿ ಓಡಿದೆ. ರಸ್ತೆಯಲ್ಲಿ ಕಾಯಿಪಲ್ಯದ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸರು ನಕ್ಕರು. ಅವರಲ್ಲೊಬ್ಬಳು, ನಾಯಿ ನಿನ್ನ ಕರೆದುಕೊಂಡು ಹೊರಟಿದೆಯೋ, ನೀನು ನಾಯಿಯನ್ನೋ ಎಂದು ಕೇಳಿದಳು. ನಾನು ಓಡುತ್ತಲೇ ಇದ್ದೆ. ಒಂದು ಮೈಲಿ ಓಡಿರಬೇಕು. ಉಣಕಲ್ಲಿನ ಆಲದ ಮರದ ಕೆಳಗೆ, ಎತ್ತಿನ ಗೊರಸಿಗೆ ಕಬ್ಬಿಣದ ನಾಲು ಬಡಿಯುವ ಒಬ್ಬ ಮುದುಕರು ಹಂಡ್ಯಾನನ್ನು ಕೊರಳು ಹಿಡಿದು ನಿಲ್ಲಿಸಿಕೊಂಡಿದ್ದರು. ಬೆಳಿಗ್ಗೆ ನಾವು ಹೋದದ್ದನ್ನು ನೋಡಿದ್ದರಂತೆ. ಅವರ ಹೆಸರು ಹುಸೇನಸಾಬರು.

ಕಾಕಾ ಏದುಸಿರು ಬಿಡುತ್ತ ಬಂದು ಮರದ ಬೇರಿನ ಮೇಲೆ ಕೂತರು. ಇಷ್ಟು ಸಾಕು, ಸಾಹುಕಾರರ ನಾಯಿಗೆ ಹೊಟ್ಟೆ ತುಂಬ ಊಟವಾದರೂ ಇರುತ್ತದೆ, ಹೊಳ್ಳಿ ಹೋಗೋಣ ಎಂದರು. ನಾನು ಆಗುವುದಿಲ್ಲ ಎಂದೆ. ನೂರಾ ನಲವತ್ತನಾಲ್ಕು ಮೈಲಿ ನಡೆದ ನಾಯಿ ಇಂದು ಯಾಕೆ ಹೀಗೆ ಮಾಡುತ್ತಿದೆ ಎಂದು ತಿಳಿಯುವವರೆಗೆ ಏಳುವುದೇ ಇಲ್ಲ ಎಂದು ಡೈರಿ ತೆಗೆದೆ.

ಹುಸೇನಸಾಬರು ಒಂದು ಎತ್ತಿನ ಕಾಲು ಕಟ್ಟುತ್ತಲೇ ನನ್ನ ತಯಾರಿಯನ್ನೆಲ್ಲ ಕೇಳಿಸಿಕೊಂಡರು. ಕಲ್ಲು, ಬೆಲ್ಲ, ಎಂಟು ಮೈಲಿ, ಎಲ್ಲವನ್ನೂ ಹೇಳಿದೆ. ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ತೆಗೆದುಕೊಂಡು ಅವರು ನಕ್ಕರು.

"ನೀ ಇದಕ್ಕ ನಡಿಯೂದು ಕಲಿಸಿಲ್ಲ ನಮ್ಮವ್ವಾ. ಹೊಳ್ಳೂದು ಕಲಿಸೀದಿ. ಅದೂ ಹದಿನೆಂಟು ದಿನ ಬೆಲ್ಲ ಕೊಟ್ಟು."

ನಾನು ಡೈರಿಯ ಹಾಳೆ ನೋಡಿದೆ. ಹದಿನೆಂಟು ಸಾಲು, ಹದಿನೆಂಟು ಸಲ ಎಂಟು. ನೂರಾ ನಲವತ್ತನಾಲ್ಕು ಮೈಲಿ ನಡೆದರೂ ಹಂಡ್ಯಾ ಒಂದು ದಿನವೂ ಮನೆಯಿಂದ ನಾಲ್ಕು ಮೈಲಿಗಿಂತ ಆಚೆ ಹೋಗಿರಲಿಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು. ಕಾಕಾನಿಗೂ ಅದು ಆಗಲೇ ಹೊಳೆದದ್ದು.

ಬಾವಿಯಿಂದ ನೀರೆತ್ತುವ ಎತ್ತುಗಳೂ ಹೀಗೆಯೇ ಎಂದು ಹುಸೇನಸಾಬರು ಹೇಳಿದರು. ಹಗ್ಗ ಎಳೆಯುತ್ತ ಇಳಿಯುವ ಇಳುಕಲಿನ ಕೊನೆಯಲ್ಲಿ ನಿಂತು ಹಿಂದಕ್ಕೆ ಬಂದು ರೂಢಿಯಾದ ಎತ್ತನ್ನು ಮಾರಿದರೆ, ಕೊಂಡವನು ಅದನ್ನು ಆ ಇಳುಕಲಿನ ಮೇಲಿಂದ ಒಯ್ಯುವುದಿಲ್ಲ, ಬೇರೆ ದಾರಿಯಿಂದ ಒಯ್ಯುತ್ತಾನಂತೆ. ಕೆರೆಯ ಆಚೆ ಹೊಲದ ಗಾಡಿದಾರಿ ಇದೆ, ಅದು ತಿರುಗಿ ಆರನೆಯ ಕಲ್ಲಿನ ಹತ್ತಿರ ರಸ್ತೆಗೆ ಕೂಡುತ್ತದೆ, ಹಾಗೆ ಹೋಗಿರಿ ಎಂದರು. ಆಮೇಲೆ ನನ್ನ ಸೆರಗಿನ ಗಂಟಿನ ಕಡೆ ಬೆರಳು ತೋರಿಸಿದರು.

"ಆ ಬೆಲ್ಲ ಇಲ್ಲೇ ತೀರಿಸಿ ಹೋಗ್ರಿ. ಕಲ್ಲ ಕಂಡ ಕೂಡ್ಲೆ ನಿಲ್ಲಬ್ಯಾಡ್ರಿ, ಹಿಂದ ನೋಡಬ್ಯಾಡ್ರಿ. ನೀವ ನಿಂತ್ರ ಅದು ನಿಲ್ಲತೈತಿ."

ಬೆಲ್ಲವನ್ನು ಹುಸೇನಸಾಬರೂ ಸೇರಿ ಮೂವರೂ ಹಂಚಿಕೊಂಡು ತಿಂದೆವು. ಹೆಚ್ಚಿನ ಪಾಲು ಕಾಕಾನದೇ.

ಗಾಡಿದಾರಿ ಎರಡು ಮೈಲಿಯಷ್ಟು ಸುತ್ತು. ಎರಿಹೊಲಗಳಲ್ಲಿ ಹತ್ತಿಯ ಕಟ್ಟಿಗೆ ಕಿತ್ತು ನೆಲ ಬಾಯಿಬಿಟ್ಟಿತ್ತು. ಎಂಟೂವರೆಗೇ ಬಿಸಿಲು ಚುರುಗುಟ್ಟಿತು. ಹೆಂಟೆಗಳ ಮೇಲೆ ನಡೆಯುವಾಗ, ತೊಡಿಸಿದ್ದ ಖಾದಿಯ ಕಾಲುಚೀಲ ಎರಡು ಕಳೆದವು, ಉಳಿದೆರಡನ್ನು ಹಂಡ್ಯಾ ತಾನೇ ಹರಿದು ಹಾಕಿತು. ಆದರೆ ನಡೆಯಿತು. ಮೂಸುತ್ತ, ಓತಿಕೇತದ ಬೆನ್ನು ಹತ್ತುತ್ತ, ನಮಗಿಂತ ಮುಂದೆಯೇ ನಡೆಯಿತು. ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ರಸ್ತೆ ಕಂಡಿತು. ರಸ್ತೆಯ ಅಂಚಿಗೆ ಸುಣ್ಣ ಬಳಿದ ಆರನೆಯ ಕಲ್ಲು.

ಹಂಡ್ಯಾ ನೇರ ಕಲ್ಲಿಗೆ ಹೋಗಿ ಕೂತಿತು. ನನ್ನ ಸೆರಗನ್ನೇ ನೋಡತೊಡಗಿತು.

ನಾನು ನಿಲ್ಲಲಿಲ್ಲ. ಹಗ್ಗವನ್ನು ಮೊದಲೇ ಬಿಚ್ಚಿದ್ದೆ. ಹಿಡಿದುಕೊಂಡರೆ ಎಳೆಯುವ ಮನಸ್ಸಾಗುತ್ತದೆಂದು ಭಯ. ಕಾಕಾ ಮುಂದೆ, ನಾನು ಹಿಂದೆ, ಇಬ್ಬರೂ ಧಾರವಾಡದ ಕಡೆ ನಡೆದೆವು. ಹೆಜ್ಜೆ ಎಣಿಸಿದೆ. ಐವತ್ತಾಯಿತು, ನೂರಾಯಿತು. ಕಾಕಾ ಒಮ್ಮೆ ತಿರುಗಲು ಹೋದರು, ನಾನು ಅವರ ಧೋತರದ ಚುಂಗು ಹಿಡಿದು ಜಗ್ಗಿದೆ. ನೂರೈವತ್ತಾಯಿತು. ಎದುರಿನಿಂದ ಒಂದು ಚಕ್ಕಡಿ ಬಂದು ಹಾದುಹೋಯಿತು. ಅದರ ಸಪ್ಪಳ ಕಡಿಮೆಯಾದ ಮೇಲೆ, ನೂರಾ ಎಂಬತ್ತಾರನೆಯ ಹೆಜ್ಜೆಗೆ, ಹಿಂದೆ ರಸ್ತೆಯ ಮೇಲೆ ಉಗುರಿನ ಸಪ್ಪಳ ಕೇಳಿಸಿತು. ಹಂಡ್ಯಾ ನಮ್ಮಿಬ್ಬರನ್ನೂ ದಾಟಿ ಮುಂದೆ ಹೋಗಿ ಒಂದು ಬೇವಿನ ಗಿಡಕ್ಕೆ ಕಾಲೆತ್ತಿತು.

ಏಳನೆಯ ಕಲ್ಲಿನ ಹತ್ತಿರ ಒಂದು ಗಳಿಗೆ ನಿಂತು ಬಂತು. ಎಂಟನೆಯದರ ಹತ್ತಿರ ನಿಲ್ಲಲೇ ಇಲ್ಲ. ಹನ್ನೊಂದರಿಂದ ನಾಲ್ಕರವರೆಗೆ ಸತ್ತೂರಿನ ಹತ್ತಿರ ಮಾವಿನ ತೋಪಿನಲ್ಲಿ ಬಿಸಿಲು ಕಳೆದೆವು. ಹಂಡ್ಯಾಗೆ ಮೊಸರಿನಲ್ಲಿ ರೊಟ್ಟಿ ನೆನೆಸಿ ಕೊಟ್ಟೆ. ಸಂಜೆ ಆರೂಕಾಲಿಗೆ ಧಾರವಾಡ. ಕಾಕಾನ ಗೆಳೆಯರೊಬ್ಬರು ಸಾಲಿ ಮಾಸ್ತರರು, ಅವರ ಕಟ್ಟೆಯ ಮೇಲೆ ವಸತಿ. ಅವರ ಹೆಂಡತಿ ಬಿಸಿ ರೊಟ್ಟಿ, ಝುಣಕ, ಉಳ್ಳಾಗಡ್ಡಿ ಬಡಿಸಿದರು. ಹಂಡ್ಯಾನ ಮುಂದಿನ ಎಡಗಾಲಿನ ಅಂಗಾಲು ಸೀಳಿತ್ತು. ಔಡಲೆಣ್ಣೆ ಹಚ್ಚಿ ಬಟ್ಟೆ ಸುತ್ತಿದೆ. ಈ ಸಲ ಅದನ್ನು ಹರಿಯಲಿಲ್ಲ.

ಮೇ ಎರಡು. ಐದಕ್ಕೆ ಹೊರಟು ಏಳರೊಳಗೆ ನರೇಂದ್ರ ದಾಟಿದೆವು. ಊರ ನಾಯಿಗಳು ಆರು ಅಡ್ಡ ಬಂದವು. ಕಾಕಾ ಕೋಲಿನಿಂದ ನೆಲ ಬಡಿದೇ ಅವನ್ನು ಓಡಿಸಿದರು, ಆ ಕಥೆಯನ್ನು ಮುಂದಿನ ಮೂರು ಮೈಲಿ ಹೇಳಿದರು. ಹಂಡ್ಯಾ ಸ್ವಲ್ಪ ಕುಂಟುತ್ತಿತ್ತು. ಎರಡು ಸಲ ಚಕ್ಕಡಿಯವರು ನಿಲ್ಲಿಸಿ, ನಾಯಿಯನ್ನಾದರೂ ಹತ್ತಿಸು ಎಂದರು. ಬೇಡವೆಂದೆ. ಕರಾರು ಕಾಲಿನದು. ಹತ್ತೂಮುಕ್ಕಾಲಿಗೆ ಗರಗದ ಮನೆಗಳು ಕಂಡವು. ಅಂಗಳಗಳಲ್ಲಿ ನೂಲಿನ ಲಡಿಗಳು ಒಣಗುತ್ತಿದ್ದವು, ಒಳಗೆ ಚರಕ ತಿರುಗುವ ಸದ್ದು. ಅತ್ತೆ ಮೊದಲು ಹಂಡ್ಯಾಗೆ ನೀರಿಟ್ಟು, ಆಮೇಲೆ ನಮಗೆ ಕೊಟ್ಟರು.

ಅಪ್ಪ, ಅವ್ವ, ತಂಗಿ ಅತ್ತೆಯ ಮನೆಯ ಚಕ್ಕಡಿಯಲ್ಲಿ ಧಾರವಾಡದಿಂದ ನಾಲ್ಕು ಗಂಟೆಗೆ ಬಂದರು. ಅಪ್ಪ ಇಳಿದವರೇ ಹಂಡ್ಯಾನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಕಾಲು ಎತ್ತಿ ನೋಡಿದರು. ಕಾಲಿಲೆ ಬಂತೋ, ಚಕ್ಕಡಿಯಲ್ಲಿ ಬಂತೋ ಎಂದು ಕೇಳಿದರು.

"ಅದರ ಕಾಲ ಏನ ನೋಡ್ತಿ ಅಣ್ಣಾ, ನನ್ನ ಕಾಲ ನೋಡು," ಎಂದರು ಕಾಕಾ.

ಅಪ್ಪ ನನಗೆ ಡೈರಿ ಓದು ಎಂದರು. ಕಾಕಾ ಅಪ್ಪನ ಬೆನ್ನ ಹಿಂದೆ ನಿಂತು, ಬೇಡದ್ದನ್ನು ಬಿಟ್ಟು ಓದೆಂದು ಕಣ್ಣು ಮಿಟುಕಿಸಿದರು. ಹಾದಿಯಲ್ಲಿ ಹೊಳ್ಳಿದರೆ ವಖಾರಿಗೆ ಎಂಬುದು ಅಪ್ಪನ ಮಾತು. ಹಂಡ್ಯಾ ಹೊಳ್ಳಿದ್ದು ಖರೆ. ಒಂದು ಹಾಳೆ ಮಗುಚಿದ್ದರೆ ಅಪ್ಪನಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಒಂದು ದಿನ ತಪ್ಪು ಓದಿದರೆ ಉಳಿದ ದಿನಗಳನ್ನೂ ನಾನೇ ನಂಬಲಾರೆ. ಆರೂವರೆಗೆ ನಾಲ್ಕನೆಯ ಕಲ್ಲು, ಅಲ್ಲಿಂದ ಉಣಕಲ್ಲಿಗೆ ಒಂದು ಮೈಲಿ ಹಿಂದಕ್ಕೆ ಎಂದು ಓದಿದೆ. ಹುಸೇನಸಾಬರು ಹೇಳಿದ್ದನ್ನೂ ಓದಿದೆ. ಕೊನೆಯ ಸಾಲಿನವರೆಗೆ ಓದಿದೆ.

ಹಂಡ್ಯಾನ ಅಂಗಾಲಿನ ಬಟ್ಟೆ ಸಡಿಲಾಗಿತ್ತು, ಅಪ್ಪ ಅದನ್ನು ಬಿಗಿಯಾಗಿ ಕಟ್ಟಿದರು.

"ಹೊಳ್ಳೂದು ಕಲಿಸಿದಾಕಿ ನೀನು," ಎಂದರು. "ಸರಪಳಿ ಹಾಕಬೇಕಂದ್ರ ನಿನಗ ಹಾಕಬೇಕು. ಇದಕ್ಯಾಕ?"

ಚೀಲದಿಂದ ಒಂದು ಕಾರ್ಡು ತೆಗೆದು, ಮೊಣಕಾಲ ಮೇಲಿಟ್ಟುಕೊಂಡು ಸಾಹುಕಾರರಿಗೆ ಬರೆದರು. ನಾಯಿಯನ್ನು ಕೊಡಲಾಗುವುದಿಲ್ಲ, ಮಾತು ತಪ್ಪಿದ್ದಕ್ಕೆ ಕ್ಷಮಿಸಬೇಕು, ವಖಾರಿಗೆ ಬೇರೆ ನಾಯಿಯನ್ನು ತಾವೇ ಹುಡುಕಿಕೊಡುವುದಾಗಿ ಎರಡು ಸಾಲು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರು ಹಾಗೆ ಬರೆದದ್ದು ಅದೇ ಮೊದಲು ಎಂದು ಅವ್ವ ಆಮೇಲೆ ಹೇಳಿದಳು. ಕಾರ್ಡನ್ನು ನನ್ನ ಕೈಗೆ ಕೊಟ್ಟು, ಈಗಲೇ ಟಪಾಲಿಗೆ ಹಾಕಿ ಬಾ ಎಂದರು.

ಟಪಾಲ ಡಬ್ಬಿ ಚಾವಡಿಯ ಹತ್ತಿರ, ಅತ್ತೆಯ ಮನೆಯಿಂದ ಎರಡು ಓಣಿ ಆಚೆ. ಹಂಡ್ಯಾ ಕುಂಟುತ್ತ ಜೊತೆಗೆ ಬಂತು. ಕಾರ್ಡು ಡಬ್ಬಿಯ ತಳಕ್ಕೆ ಬಿದ್ದ ಸಪ್ಪಳ ಕೇಳುವವರೆಗೆ ನಿಂತೆ. ಹಂಡ್ಯಾ ಆಗಲೇ ಬಂದ ಓಣಿಯ ಕಡೆ ಮುಖ ಮಾಡಿ ನಿಂತಿತ್ತು. ನಾನು ಅದನ್ನು ಕರೆದು, ಇಷ್ಟು ಬೇಸಿಗೆ ಬಂದರೂ ನಾನೂ ಹೊಕ್ಕು ನೋಡದ ಇನ್ನೊಂದು ಓಣಿ ಹಿಡಿದೆ.