ಅದಿರಿನ ಸ್ಟೇಷನ್ನಿನ ದೊಡ್ಡಪ್ಪ

ದೊಡ್ಡಪ್ಪನ ಬಲ ಮೊಣಕೈಯ ಒಳಮಗ್ಗುಲಲ್ಲಿ ಚರ್ಮ ಕಪ್ಪಾಗಿ ದಪ್ಪಗಟ್ಟಿತ್ತು. ನಿಲ್ಲದೆ ಹೋಗುವ ರೈಲಿನ ಡ್ರೈವರು, ಹಿಂದಿನ ಸ್ಟೇಷನ್ನಿನವರು ದಾರಿ ಬಿಟ್ಟ ಗುರುತಿಗೆ ಕೊಟ್ಟ ಟೋಕನ್ ಕಟ್ಟಿದ ಬೆತ್ತದ ಬಳೆ ಎಸೆಯುತ್ತಿದ್ದ. ಇವರು ಕೈ ಚಾಚಿ ಅದನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ನಮ್ಮೂರ ಸ್ಟೇಷನ್ ನೋಡಲು ರೈಲ್ವೆ ಸಾಹೇಬರು ಬರುವ ಹಿಂದಿನ ದಿನವೂ ಹಾಗೆಯೇ ಹಿಡಿದರು. ಆಮೇಲೆ ಬಂದ ಪ್ಯಾಸೆಂಜರಿಗೆ ನನ್ನನ್ನು ಹತ್ತಿಸಿ, ಬಾಗಿಲಲ್ಲಿ ನಿಲ್ಲಬೇಡ ಎಂದರು. ನಾನಾಗ ಹೊಳೆನರಸೀಪುರದಲ್ಲಿ ಒಂಬತ್ತನೇ ಕ್ಲಾಸು.

ನಮ್ಮೂರ ಗುಡ್ಡದಲ್ಲಿ ಕ್ರೋಮ್ ಅದಿರು ಸಿಕ್ಕಿದ್ದಕ್ಕೇ ಆ ಸ್ಟೇಷನ್ ಕಟ್ಟಿದ್ದಂತೆ. ಹೆಂಗಸರು ಮಂಕರಿಯಲ್ಲಿ ಅದಿರು ಹೊತ್ತು ವ್ಯಾಗನ್ನಿಗೆ ತುಂಬುತ್ತಿದ್ದ ಕಾಲದಲ್ಲಿ ದೊಡ್ಡಪ್ಪ ಅಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ಸೇರಿದರು. ಆ ಹೆಂಗಸರಿಗೆಂದು ದಿನಾ ನೀರು ಸೇದಿಡುತ್ತಿದ್ದರು. ತೊಂಬತ್ತರ ಹೊತ್ತಿಗೆ ಅದಿರೆಲ್ಲ ಲಾರಿ ಹತ್ತಿತು.

ಸ್ಟೇಷನ್ ಮುಚ್ಚಬೇಕೋ ಬೇಡವೋ ಎಂದು ನೋಡಲು ಸಾಹೇಬರು ಬರುತ್ತಾರೆಂದು ತಿಳಿದು ಊರವರು ಉಪಾಯ ಮಾಡಿದರು. ಚೀಲ ಹಿಡಿದು ಪ್ಲಾಟ್‌ಫಾರಂ ತುಂಬಿದರು. ಎಲ್ಲಿಗೂ ಹೋಗದ ಅಜ್ಜಿಯರೂ ಬುತ್ತಿ ಕಟ್ಟಿಕೊಂಡು ಕೂತಿದ್ದರು. ದಿನಾ ಇಷ್ಟು ಜನ ಇರುತ್ತಾರಾ ಎಂದು ಸಾಹೇಬರು ದೊಡ್ಡಪ್ಪನನ್ನೇ ಕೇಳಿದರು.

“ಇಲ್ಲ ಸಾ. ತಾವು ಬತ್ತೀರಿ ಅಂತ ಬಂದವ್ರೆ. ದಿನಾ ಏಳೆಂಟು ಜನ. ಅದ್ರಲ್ಲಿ ನಾಕು ಓದೋ ಮಕ್ಳು.”

ಮೂರು ತಿಂಗಳಲ್ಲಿ ಸ್ಟೇಷನ್ ಮುಚ್ಚಿತು. ಒಂದು ಸುಳ್ಳೇಳಿದ್ರೆ ನಾಲಗೆ ಬಿದ್ದೋಯ್ತಿತ್ತೇನ್ಲಾ ಎಂದು ಊರ ಹಿರಿಯರು ಹಂಗಿಸಿದರು. “ಕೇಳುದ್ರು, ಏಳ್ದೆ ಕಣಣ್ಣ” ಎಂದಷ್ಟೇ ದೊಡ್ಡಪ್ಪ ಅಂದರು. ಬಸ್ಸಿನ ರಸ್ತೆ ನಾಲ್ಕು ಮೈಲಿ ದೂರ. ಓದು ಸಾಕು ಎಂದು ಅಪ್ಪ ಹೇಳಿಬಿಟ್ಟರು. ನಾನು ಜಗಲಿಯಲ್ಲಿ ಕೂತಿದ್ದ ದೊಡ್ಡಪ್ಪನ ಮುಂದೆ ಹೋಗಿ, “ನಿಮ್ ಸತ್ಯಕ್ಕೆ ನನ್ ಓದು ಓಯ್ತು” ಎಂದೆ.

ಮರುದಿನ ಬೆಳಗ್ಗೆ ಬಾಗಿಲಲ್ಲಿ ಅವರ ಸೈಕಲ್ಲು.

“ಸೈಕ್ಲು ಅತ್ತವ್ವ, ಬಸ್ಸು ಓಯ್ತದೆ.”

ಅವರನ್ನು ಹಾಸನಕ್ಕೆ ವರ್ಗ ಮಾಡಿದ್ದರು. ಅವರ ಬಸ್ಸು ಒಂಬತ್ತಕ್ಕೆ, ನನ್ನದು ಏಳಕ್ಕೆ. ನಾನು ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಆ ಎರಡು ಗಂಟೆ ಹುಣಸೆ ಮರದಡಿ ಕೂತು ಕಳೆದರು. ನನ್ನ ಬಸ್ಸು ಕಂಡರೆ ನಡುರಸ್ತೆಗೆ ಇಳಿದು ಕೈ ಚಾಚುತ್ತಿದ್ದರು. “ಯಜಮಾನ್ರೇ, ಇದು ನಿಮ್ ರೈಲಲ್ಲ ಕಣ್ರೀ” ಎಂದು ಡ್ರೈವರು ಗೊಣಗಿಕೊಂಡೇ ನಿಲ್ಲಿಸುತ್ತಿದ್ದ.

ಮುಂದೆ ಟಿಸಿಎಚ್ ಓದಿದೆ. ಕೊಣನೂರಿನ ಹತ್ತಿರ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಅವರಿಗೊಂದು ಸ್ವೆಟರ್ ಕೊಟ್ಟೆ. ಬಿಸಿಲಿಗೂ ಅದನ್ನೇ ಹಾಕಿಕೊಂಡು ಓಡಾಡುತ್ತಾರೆಂದು ದೊಡ್ಡಮ್ಮ ಬೈಯುತ್ತಿದ್ದರು.

ಸ್ಟೇಷನ್ನಿನ ಮಾಡು ಬಿದ್ದಿದೆ. ಹೋದ ಮಾಘದಲ್ಲಿ ದೊಡ್ಡಪ್ಪ ತೀರಿಕೊಂಡರು. ಅವರು ಅಂದು ಹೇಳಿದ್ದು ಸರಿ, ನಾನು ಆಡಿದ್ದು ತಪ್ಪು ಎಂದು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ.