ಸುಮಿಯೆ ಕಟ್ಟಿದ ಈಟಿಕೋವಿ

ಹೊರಿಬೆ ಸುಮಿಯೆಯ ಬದುಕು ನಡೆಯುತ್ತಿದ್ದದ್ದು ಬೇರೆಯವರ ಹಲ್ಲುಗಳಿಂದ. ನಾಗೋಯಾದ ದಂತವೈದ್ಯರು ಕಳಿಸಿದ ದವಡೆಯ ಅಚ್ಚುಗಳಿಗೆ ವಸಡು ಕೂಡಿಸಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುವುದು ಅವಳ ಕೆಲಸ. ಯಾರ ಬಾಯಿಗೆ ಅದು ಹೋಗುತ್ತದೆಂದು ಅವಳಿಗೆ ಗೊತ್ತಿರುತ್ತಿರಲಿಲ್ಲ. ಆ ಬಾಯಿಗಳೊಡನೆ ಮಾತಾಡಬೇಕಾದ ಪ್ರಮೇಯವೂ ಇರಲಿಲ್ಲ. ಅದೇ ಕಾರಣಕ್ಕೆ ಚಿಕ್ಕ ವಯಸ್ಸಿನಲ್ಲಿ ಈ ಕೆಲಸ ಹಿಡಿದವಳು ನಲವತ್ತು ದಾಟಿದರೂ ಬಿಟ್ಟಿರಲಿಲ್ಲ.

ಸುಮಿಯೆಗೆ ಮಾತು ಉಗ್ಗುತ್ತಿತ್ತು. ಕೆಲವರಿಗೆ ಒಂದೇ ಅಕ್ಷರ ಮತ್ತೆ ಮತ್ತೆ ಹೊರಳುತ್ತದೆ. ಅವಳಿಗೆ ಹೆಚ್ಚಾಗಿ ಮೊದಲ ಅಕ್ಷರವೇ ಗಂಟಲಲ್ಲಿ ಬಾಗಿಲು ಹಾಕಿಕೊಂಡು ನಿಂತುಬಿಡುತ್ತಿತ್ತು. ತುಟಿ ತೆರೆದಿರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಎದುರಿಗಿದ್ದವರು ಸ್ವಲ್ಪ ಕಾದು, ಆ ಮಾತನ್ನು ತಾವೇ ಮುಗಿಸಿಕೊಡುತ್ತಿದ್ದರು, ಅದೂ ತಪ್ಪಾಗಿ. ಅವಳು ಹೌದೆಂದು ತಲೆಯಾಡಿಸಿ ಪಾರಾಗುತ್ತಿದ್ದಳು. ಹೀಗೆ ಬೇಡದ ಊಟ ತಿಂದಿದ್ದಳು, ಬೇಡದ ಬಣ್ಣದ ಕೋಟು ಕೊಂಡಿದ್ದಳು, ಒಮ್ಮೆ ತಲೆಗೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡೂ ಬಂದಿದ್ದಳು.

ಅವಳ ಮನೆಯ ಮೇಲಿನ ಮಹಡಿಯಲ್ಲಿ ನಾತ್ಸುಹೊ ಎಂಬ ಶಿಶುವಿಹಾರದ ಟೀಚರು ಇದ್ದಳು. ಸುಮಿಯೆಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ವಾರವೆಲ್ಲ ಮಕ್ಕಳ ಮೂಗು ಒರೆಸುವ ಈಕೆ ಭಾನುವಾರ ವಿಡಿಯೋ ಗೇಮಿನ ವೀರರ ವೇಷ ಹಾಕುತ್ತಿದ್ದಳು. ಕಸ ಹಾಕುವ ಜಾಗದಲ್ಲಿ ಒಂದು ದಿನ ಅವಳ ರಟ್ಟಿನ ಕತ್ತಿ ಮುರಿದು ಬಿದ್ದಿರುವುದನ್ನು ಕಂಡು ಸುಮಿಯೆ ಅದನ್ನು ಒಳಗೆ ಒಯ್ದಳು, ಸರಿಮಾಡಿ ಅವಳ ಬಾಗಿಲಿಗೆ ಒರಗಿಸಿಟ್ಟು ಬಂದಳು. ಗೆಳೆತನ ಶುರುವಾದದ್ದು ಅಲ್ಲಿಂದ. ನಾತ್ಸುಹೊಳ ಗುಣ ಒಂದಿತ್ತು: ಮಾತು ತಡವರಿಸಿದರೆ ಮುಗಿಸಿಕೊಡುತ್ತಿರಲಿಲ್ಲ. ಉಗುರು ನೋಡಿಕೊಳ್ಳುತ್ತ ಕೂತಿರುತ್ತಿದ್ದಳು.

ಆ ವರ್ಷ ಅವರಿಬ್ಬರೂ ಹಿಡಿದದ್ದು ದೊಡ್ಡ ಕೆಲಸ. ಮಂಜುಗಡಲಿನಲ್ಲಿ ಭೂತಗಳನ್ನು ಬೇಟೆಯಾಡುವ ಆಟವೊಂದಿತ್ತು, ಅದರ ನಾಯಕಿಯ ಕೈಯಲ್ಲಿ ಭುಜದೆತ್ತರದ ಈಟಿಕೋವಿ. ಟ್ರಿಗರ್ ಒತ್ತಿದರೆ ನಳಿಕೆಯಿಂದ ಈಟಿ ಚಿಮ್ಮಬೇಕು. ಆಗಸ್ಟಿನಲ್ಲಿ ಓಸು ಪೇಟೆಯ ಹತ್ತಿರದ ಸಭಾಂಗಣದಲ್ಲಿ ಸ್ಪರ್ಧೆ. ಹಿಡಿಗೆ ಪೆಟ್ಟಿಗೆ ಮಾಡುವ ಹಗುರ ಮರವನ್ನು ಸುಮಿಯೆ ಕೆತ್ತಿದಳು. ನಳಿಕೆಗೆ ನೀರಿನ ಪ್ಲಾಸ್ಟಿಕ್ ಪೈಪು, ಈಟಿ ಚಿಮ್ಮಿಸಲು ರಬ್ಬರು, ಈಟಿಯ ಹಿಂದೆ ಕಟ್ಟಿದ ಹಗ್ಗ. ಪ್ಲಾಸ್ಟಿಕ್ ಹಾಳೆಗಳನ್ನು ಬಿಸಿಗಾಳಿಯಲ್ಲಿ ಮೆತ್ತಗೆ ಮಾಡಿ, ಬಾಗಿಸಿ, ಪಟ್ಟಿಗಳನ್ನೂ ಮೊಳೆತಲೆಗಳನ್ನೂ ಮಾಡಿದಳು. ಈಟಿಯ ತುದಿ ಮಾತ್ರ ನಿಯಮದ ಪ್ರಕಾರ ಮೆತ್ತನೆಯ ಸ್ಪಂಜು. ಕೊನೆಗೆ ಕಪ್ಪು ಬಣ್ಣ, ಅದರ ಮೇಲೆ ತುಕ್ಕಿನ ಬಣ್ಣ. ಕೆಲಸ ಮುಗಿದಾಗ ಅದು ಎಷ್ಟೋ ವರ್ಷ ಉಪ್ಪುನೀರಲ್ಲಿ ನೆನೆದ ಕಬ್ಬಿಣದಂತೆಯೇ ಇತ್ತು.

ಸ್ಪರ್ಧೆಗೆ ವಾರವಿದ್ದಾಗ ಒಂದು ಹೊಸ ನಿಯಮ ಬಂತು. ಆಯುಧ ಮಾಡಿದವರು ಯಾರೋ ಅವರೇ ತೀರ್ಪುಗಾರರ ಮುಂದೆ ನಿಂತು ಪ್ರಶ್ನೆಗಳಿಗೆ ಉತ್ತರ ಹೇಳಬೇಕು.

"ನಾ... ನಾನು ಬರಲ್ಲ," ಎಂದಳು ಸುಮಿಯೆ.

"ಬರ್ಬೇಡಿ. ನಾನೇ ಮಾಡ್ದೆ ಅಂತ ಹೇಳ್ಬಿಡ್ತೀನಿ. ನಿಮಗೆ ಬೇಜಾರಾಗಲ್ಲ ತಾನೆ, ಸುಮಿ ಸಾನ್?"

ಸುಮಿಯೆ ಇಲ್ಲವೆಂದು ತಲೆಯಾಡಿಸಿದಳು. ಅವಳಿಗೆ ಅಷ್ಟೊತ್ತಿಗೆ ಎದೆ ಹಗುರವಾಗಿತ್ತು. ಬೇಜಾರು ಆಮೇಲೆ ಬಂತು, ಪಾತ್ರೆ ತೊಳೆಯುವಾಗ. ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಸ್ಪರ್ಧೆಯ ಭಾನುವಾರ ನಾತ್ಸುಹೊ ಮುಖಕ್ಕೆ ಬಣ್ಣ ಹಚ್ಚಿಕೊಳ್ಳಲು ಬೆಳಗ್ಗೆಯೇ ಹೊರಟುಹೋದಳು. ಈಟಿಕೋವಿಯನ್ನು ತರುವುದು ಸುಮಿಯೆಯ ಪಾಲಿಗೆ ಬಂತು. ಅದನ್ನು ಹಳೆಯ ಪರದೆಯಲ್ಲಿ ಸುತ್ತಿ, ದಾರ ಕಟ್ಟಿ, ಮಗುವಿನ ಹಾಗೆ ಎದೆಗೊತ್ತಿಕೊಂಡು ಅವಳು ಸುರಂಗ ರೈಲು ಹತ್ತಿದಳು. ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಳ್ಳಾಟದಲ್ಲಿ ಪರದೆ ಜಾರಿ ನಳಿಕೆಯ ಬಾಯಿ ಹೊರಗೆ ಇಣುಕಿದ್ದು ಅವಳಿಗೆ ತಿಳಿಯಲೇ ಇಲ್ಲ. ಎದುರು ಕೂತಿದ್ದ ಹೆಂಗಸೊಬ್ಬಳು ಮಗನನ್ನು ಪಕ್ಕಕ್ಕೆಳೆದುಕೊಂಡು ಮುಂದಿನ ನಿಲ್ದಾಣದಲ್ಲಿ ಇಳಿದದ್ದನ್ನು ನೋಡಿದಳು, ಆದರೆ ಅದಕ್ಕೂ ತನಗೂ ಸಂಬಂಧವಿದೆ ಎಂದು ಅವಳಿಗೆ ಅನಿಸಲಿಲ್ಲ.

ಮೆಟ್ಟಿಲು ಹತ್ತಿ ಬಿಸಿಲಿಗೆ ಬರುತ್ತಿದ್ದಂತೆ ಇಬ್ಬರು ಪೊಲೀಸರು ಅಡ್ಡ ನಿಂತರು. ಒಬ್ಬ ಹುಡುಗುಮುಖದವನು, ಇನ್ನೊಬ್ಬಳು ನಡುವಯಸ್ಸಿನ ಹೆಂಗಸು.

"ಸ್ವಲ್ಪ ನಿಲ್ತೀರಾ ಮೇಡಂ," ಎಂದ ಅವನು. "ಆ ಬಟ್ಟೆ ಒಳಗೇನಿದೆ?"

ಸುಮಿಯೆ ಬಾಯಿ ತೆರೆದಳು. ಏನೂ ಬರಲಿಲ್ಲ. ಬಿಚ್ಚಿ ತೋರಿಸೋಣವೆಂದು ಗಂಟಿಗೆ ಕೈ ಹಾಕಿದಳು.

"ಕೈ ತೆಗೀರಿ." ಅವನ ದನಿ ಬದಲಾಗಿತ್ತು. "ನಿಧಾನಕ್ಕೆ ಕೆಳಗಿಡಿ. ಒಂದ್ಹೆಜ್ಜೆ ಹಿಂದೆ ಸರೀರಿ."

ಅವಳು ಕೋವಿಯನ್ನು ನೆಲಕ್ಕಿಟ್ಟು ಹಿಂದೆ ಸರಿದಳು. ಮೆಟ್ಟಿಲು ಹತ್ತಿ ಬರುತ್ತಿದ್ದ ಜನ ನಿಂತರು, ಆಮೇಲೆ ದೂರ ಸರಿದರು. ಸುತ್ತ ಖಾಲಿ ಜಾಗ, ನಡುವೆ ಅವಳು. ಬೀದಿಯ ಮರಗಳಲ್ಲಿ ಜೀರುಂಡೆಗಳು ಕಿವಿ ಹರಿಯುವ ಹಾಗೆ ಕೂಗುತ್ತಿದ್ದವು.

"ನಿಮ್ಮ ಹೆಸರು?"

ಹೆಸರು ಹೇಳುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟ. ಬೇರೆ ಮಾತಾದರೆ ಬೇರೆ ಪದ ಹುಡುಕಬಹುದು, ಹೆಸರಿಗೆ ಇನ್ನೊಂದು ಪದವಿಲ್ಲ. ತುಟಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಹೆಸರು ಹೇಳೋಕೇನು ತೊಂದ್ರೆ?" ಎಂದ ಅವನು. ಹಾಗೆಯೇ ಭುಜದ ಮೇಲಿನ ವಾಕಿಟಾಕಿಗೆ ಬಾಯಿ ತಾಗಿಸಿ ಹೇಳಿದ: "ಉತ್ತರ ಕೊಡ್ತಿಲ್ಲ. ಕೊಡೋಕೆ ಒಪ್ತಿಲ್ಲ."

ಒಪ್ಪುತ್ತಿಲ್ಲ ಎಂಬ ಮಾತು ಅವಳಿಗೆ ಚಾಟಿಯ ಹಾಗೆ ತಾಗಿತು. ಇಷ್ಟು ವರ್ಷ ಜನ ಅವಳನ್ನು ಪೆದ್ದಿ ಎಂದುಕೊಂಡಿದ್ದರು, ಜಂಬಗಾತಿ ಎಂದುಕೊಂಡಿದ್ದರು, ಕಿವುಡಿ ಎಂದೂ ಅಂದುಕೊಂಡಿದ್ದರು. ಕೇಡು ಮಾಡಬಲ್ಲವಳು ಎಂದು ಯಾರೂ ಅಂದುಕೊಂಡಿರಲಿಲ್ಲ. ಅಷ್ಟರಲ್ಲಿ ಅವನು ಅವಳ ಕೈಚೀಲ ಕೇಳಿ ಪಡೆದು ಒಳಗೆ ನೋಡಿದ. ಎರಡು ಬೆರಳಲ್ಲಿ ಒಂದು ಪುಟ್ಟ ಚಾಕು ಎತ್ತಿದ. ಕೊನೆ ಗಳಿಗೆಗೆ ಏನಾದರೂ ತಿದ್ದಬೇಕಾದರೆ ಇರಲಿ ಎಂದು ಅವಳು ಹಾಕಿಕೊಂಡಿದ್ದ ಮೇಣ ಕೆತ್ತುವ ಚಾಕು.

"ಇದೂ ಇದೆ," ಎಂದ, ಹೆಂಗಸಿನ ಕಡೆ ತಿರುಗಿ.

ಚೀಲದಲ್ಲಿ ಫೋನು ಬಡಿದುಕೊಳ್ಳತೊಡಗಿತು. ನಾತ್ಸುಹೊಳದೇ ಇರಬೇಕು. ಫೋನು ನಿಂತಿತು, ಮತ್ತೆ ಬಡಿದುಕೊಂಡಿತು. ಸುಮಿಯೆಯ ಬೆನ್ನಲ್ಲಿ ಬೆವರು ಇಳಿಯುತ್ತಿತ್ತು.

ಪೊಲೀಸ್ ಹೆಂಗಸು ಅಲ್ಲಿಯವರೆಗೆ ಸುಮಿಯೆಯ ಮುಖವನ್ನೇ ನೋಡುತ್ತಿದ್ದಳು. "ನೀನು ಸ್ವಲ್ಪ ಸುಮ್ನಿರು," ಎಂದಳು ಜೊತೆಯವನಿಗೆ. ಆಮೇಲೆ ಸುಮಿಯೆಗೆ, "ನಿಮಗೆ ಮಾತು ಸಿಕ್ಕಿಕೊಳ್ತಿದೆ, ಅಲ್ವಾ? ಎಷ್ಟು ಹೊತ್ತು ಬೇಕೋ ತಗೊಳ್ಳಿ. ನಾವು ಎಲ್ಲೂ ಹೋಗಲ್ಲ."

ಹೊತ್ತು ಬೇಕೇ ಆಯಿತು. ಹುಡುಗುಮುಖದವನು ಕಾಲು ಬದಲಿಸಿದ, ಹೆಂಗಸು ಕದಲಲಿಲ್ಲ. ಸುಮಿಯೆ ಕಣ್ಣು ಮುಚ್ಚಿ ಉಸಿರು ಬಿಟ್ಟಳು.

"ನಾ... ನಾನು ಮಾಡಿದ್ದು," ಎಂದಳು. "ಮ... ಮರ. ಪ್ಲಾಸ್ಟಿಕ್. ಆಟದ್ದು."

ಅವರೇ ಪರದೆ ಬಿಚ್ಚಿದರು. ಬಿಸಿಲಲ್ಲಿ ಆ ತುಕ್ಕು ಇನ್ನಷ್ಟು ನಿಜವಾಗಿ ಕಂಡಿತು. ತಾನೇ ಹಚ್ಚಿದ ಬಣ್ಣ ತನ್ನ ವಿರುದ್ಧವೇ ಸಾಕ್ಷಿ ಹೇಳುತ್ತಿದೆ ಎಂದು ಸುಮಿಯೆಗೆ ಅನಿಸಿತು. ಅವನು ಎರಡೂ ಕೈ ಹಾಕಿ ಎತ್ತಿದ, ಅದು ಅಂದುಕೊಂಡದ್ದಕ್ಕಿಂತ ಹಗುರವಾಗಿ ಮೇಲೆದ್ದಿತು. ಆದರೂ ನಂಬಿಕೆ ಬರಲಿಲ್ಲ. "ಹೊರಗೆ ಪ್ಲಾಸ್ಟಿಕ್ ಇರ್ಬಹುದು. ನಳಿಕೆ ಒಳಗೇನಿದೆ ಅಂತ ಹೆಂಗೆ ಗೊತ್ತಾಗುತ್ತೆ?"

ಸುಮಿಯೆ ಕೈಸನ್ನೆಯಲ್ಲಿ ಅನುಮತಿ ಕೇಳಿದಳು. ಹೆಂಗಸು ಹೂಂ ಎಂದಳು. ಸುಮಿಯೆ ನೆಲದಲ್ಲಿ ಮಂಡಿಯೂರಿ, ನಳಿಕೆ ಮರವನ್ನು ಸೇರುವ ಜಾಗದಲ್ಲಿ ಉಗುರು ಊರಿ ಎಳೆದಳು. ವಾರಗಟ್ಟಲೆ ಪದರ ಪದರವಾಗಿ ಹಚ್ಚಿದ್ದ ಬಣ್ಣ ಸಿಪ್ಪೆಯಾಗಿ ಎದ್ದು ಬಂತು. ನಳಿಕೆಯ ಮೇಲೆ ಬೂದುಬಣ್ಣದ ಪೈಪು ಕಂಡಿತು. ಬೆಸುಗೆಯ ಮೇಲೆ ಎದ್ದು ಕಾಣುವ ಗುಲಾಬಿ.

"ಇದೇನು ಗುಲಾಬಿ?" ಎಂದ ಅವನು.

ಸುಮಿಯೆ ತುಟಿ ಮೇಲೆತ್ತಿ ತನ್ನ ವಸಡು ತೋರಿಸಿದಳು. ಅವನು ಕೆಳಗಿಟ್ಟಿದ್ದ ಚೀಲದಿಂದ ಕೆಲಸದ ಗುರುತುಚೀಟಿ ತೆಗೆದು ಕೊಟ್ಟಳು. ಪೊಲೀಸ್ ಹೆಂಗಸು ಓದಿದಳು, ಬಗ್ಗಿ ಆ ಬೆಸುಗೆ ನೋಡಿದಳು.

"ನಮ್ಮಮ್ಮನ ಹಲ್ಸೆಟ್ಟಿನ ಬಣ್ಣ ಇದು," ಎಂದಳು.

ಚಾಕು ಯಾಕೆಂಬುದೂ ಅವರಿಗೆ ಆಗ ತಿಳಿಯಿತು. ಅದನ್ನು ಬಟ್ಟೆಯಲ್ಲಿ ಸುತ್ತಿಸಿ ಚೀಲದ ತಳಕ್ಕೆ ಹಾಕಿಸಿದರು. ಹುಡುಗುಮುಖದವನು ತಲೆಬಾಗಿ ಕ್ಷಮೆ ಕೇಳಿದ, ಪರದೆ ಸುತ್ತಲು ತಾನೇ ನೆರವಾದ. ಸುಮಿಯೆ ಓಡಿದಳು.

ಸಭಾಂಗಣದ ಬಾಗಿಲಲ್ಲಿ ಚರ್ಮದ ಕೋಟು, ಬಿಳಿ ಕೂದಲಿನ ವೇಷದಲ್ಲಿ ನಾತ್ಸುಹೊ ಚಡಪಡಿಸುತ್ತಿದ್ದಳು. "ಎಲ್ಲಿ ಸತ್ರಿ ಅಂದ್ಕೊಂಡೆ. ನಮ್ದೇ ಸರದಿ ಈಗ." ಅವಳು ಪರದೆ ಬಿಚ್ಚಿದಳು. "ಅಯ್ಯೋ, ಇದೇನಾಯ್ತು ಇದಕ್ಕೆ?"

"ಪೊ... ಪೊಲೀಸ್."

ನಾತ್ಸುಹೊ ಸಿಪ್ಪೆ ಎದ್ದ ಜಾಗವನ್ನು ಸವರಿ ನೋಡಿದಳು. ಬಣ್ಣ ಹಚ್ಚಲು ಹೊತ್ತಿರಲಿಲ್ಲ. ಕೋವಿ ಹಿಡಿದು ತೀರ್ಪುಗಾರರ ಮೇಜಿನೆದುರು ನಿಂತಳು. ಸುಮಿಯೆ ಗೋಡೆಗೊರಗಿ ನಿಂತಳು.

ಮೇಜಿನ ನಡುವೆ ಕೂತಿದ್ದ ಬೋಳುತಲೆಯ ಮುದುಕ ಈಟಿಯನ್ನು ಎಳೆದು ಬಿಟ್ಟು ನೋಡಿದ, ಹಿಡಿಯ ಮೇಲೆ ಬೆರಳಾಡಿಸಿದ. "ಇದನ್ನ ಮಾಡಿದ್ದು?"

"ನಾನೇ," ಎಂದಳು ನಾತ್ಸುಹೊ.

"ಮರ ಮತ್ತು ಪೈಪು ಸೇರೋ ಕಡೆ ಗೆರೇನೇ ಇಲ್ಲ. ಈ ಗುಲಾಬಿ ಏನು ಹಾಕಿದೀರಿ?"

"ಅದು... ಗೋಂದು."

"ಯಾವ ಗೋಂದು?"

ನಾತ್ಸುಹೊ ಏನೋ ಒಂದು ಹೆಸರು ಹೇಳಿದಳು. ಮುದುಕ ತಲೆ ಎತ್ತಿ ಅವಳನ್ನು ನೋಡಿದ. ಗೋಡೆಯ ಬಳಿ ನಿಂತ ಸುಮಿಯೆಗೆ ಎಲ್ಲವೂ ಕೇಳಿಸುತ್ತಿತ್ತು. ಬೀದಿಯಲ್ಲಿ ಅಷ್ಟು ಜನರ ಮುಂದೆ, ಅಷ್ಟು ಕಷ್ಟಪಟ್ಟು 'ನಾನು ಮಾಡಿದ್ದು' ಎಂದು ಹೇಳಿ ಇನ್ನೂ ಬೆವರು ಆರಿರಲಿಲ್ಲ. ಅದೇ ಮಾತನ್ನು ಇಲ್ಲಿ ಇನ್ನೊಬ್ಬರ ಬಾಯಲ್ಲಿ ಕೇಳುವುದು ಅವಳಿಂದ ಆಗಲಿಲ್ಲ. ಕಾಲು ತಾನಾಗಿ ಮುಂದೆ ಬಂತು.

"ವ... ವ..." ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳು ನಿಲ್ಲಿಸಲಿಲ್ಲ. "ವಸಡು. ಹ... ಹಲ್ಸೆಟ್ಟಿಗೆ ಹಾಕೋದು. ಮಾಡಿದ್ದು ನಾನು."

ಮುದುಕ ಇಬ್ಬರನ್ನೂ ನೋಡಿದ. ಆಮೇಲೆ ಅವನು ಕೇಳಿದ್ದೆಲ್ಲ ಸುಮಿಯೆಯನ್ನೇ. ಅವಳು ಹೇಳಿದಳು. ಒಂದೊಂದು ಉತ್ತರಕ್ಕೂ ಅವನು ಕಾದ. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಕೆಲಸ ತುಂಬಾ ಚೆನ್ನಾಗಿದೆ," ಎಂದ. "ಆದರೆ ಮೊದಲು ಒಬ್ರು ಮಾಡಿದೆ ಅಂದ್ರು, ಈಗ ಇನ್ನೊಬ್ರು. ತಯಾರಿಕೆಯ ಅಂಕ ಕೊಡೋಕೆ ಬರಲ್ಲ. ವೇದಿಕೆ ಹತ್ತಬಹುದು, ಅಷ್ಟೇ."

ಹೊರಗೆ ಓಣಿಗೆ ಬರುವವರೆಗೆ ನಾತ್ಸುಹೊ ತಡೆದುಕೊಂಡಳು. "ಒಂದ್ನಿಮಿಷ ಬಾಯ್ ಮುಚ್ಕೊಂಡಿದ್ದಿದ್ರೆ ಆಗ್ತಿತ್ತು," ಎಂದಳು.

ಹೇಳಿದ ಮೇಲೆ ಯಾರಿಗೆ ಹೇಳಿದೆನೆಂದು ಅವಳಿಗೆ ಹೊಳೆಯಿತು. ಬಿಳಿ ಬಣ್ಣದಡಿಯಲ್ಲೂ ಮುಖ ಕೆಂಪಗಾದದ್ದು ಕಾಣುತ್ತಿತ್ತು. ಸುಮಿಯೆಗೂ ಸಿಟ್ಟು ಬಂದಿತ್ತು, ಆದರೆ ಕೋವಿಯ ರಬ್ಬರು ಸಡಿಲವಾಗಿತ್ತು. ಕೂತು ಅದನ್ನು ಬಿಗಿ ಮಾಡಿದಳು, ಎದ್ದು ಗೆಳತಿಯ ಕೈಗಿಟ್ಟಳು. "ಎ... ಎಡಗಡೆ ವಾಲುತ್ತೆ. ಸ್ವಲ್ಪ ಬಲಕ್ಕೆ ಹಿಡಿ."

ವೇದಿಕೆಯ ಮೇಲೆ ನಾತ್ಸುಹೊ ಬಲಕ್ಕೇ ಹಿಡಿದಳು. ಟ್ರಿಗರ್ ಒತ್ತಿದಾಗ ಈಟಿ ಚಿಮ್ಮಿ, ನೀಲಿ ಬೆಳಕಲ್ಲಿ ಹಗ್ಗ ಬಿಚ್ಚಿಕೊಳ್ಳುತ್ತ ಹೋಗಿ, ಎದುರಿಗೆ ನೇತುಹಾಕಿದ್ದ ಬಟ್ಟೆಯ ಭೂತದ ಕಣ್ಣಿಗೇ ತಗುಲಿತು. ಜನ ಕೂಗಿದರು. ವೇದಿಕೆಯ ಪರದೆಯ ಸಂದಿಯಲ್ಲಿ ನಿಂತಿದ್ದ ಸುಮಿಯೆ ಅಲ್ಲಿಯವರೆಗೆ ಉಸಿರು ಬಿಟ್ಟಿರಲಿಲ್ಲ.

ಬಹುಮಾನ ಬರಲಿಲ್ಲ. ವಾಪಸು ಹೋಗುವಾಗ ನಾತ್ಸುಹೊ ಪೇಟೆಯಲ್ಲಿ ಕರಡಿಮರಿಗಳ ಚಿತ್ರವಿದ್ದ ಹಾಸಿಗೆ ಬಟ್ಟೆ ಕೊಂಡು, ಈಟಿಕೋವಿಯನ್ನು ತುದಿಯಿಂದ ತುದಿಗೆ ಸುತ್ತಿದಳು. ಒಬ್ಬೊಬ್ಬರು ಒಂದೊಂದು ಕೊನೆ ಹಿಡಿದು ಗಾಡಿಯಲ್ಲಿ ನಿಂತರು.

"ನಾನು ಹಂಗನ್ಬಾರ್ದಿತ್ತು," ಎಂದಳು ನಾತ್ಸುಹೊ, ಕಿಟಕಿಯ ಕಡೆ ನೋಡುತ್ತ. "ನಾನೇ ಮಾಡ್ದೆ ಅಂತನೂ ಅನ್ಬಾರ್ದಿತ್ತು."

"ನಾ... ನಾನೂ ಒಪ್ಪಿದ್ದೆ," ಎಂದಳು ಸುಮಿಯೆ. ತನ್ನ ಕಡೆಯ ಬಟ್ಟೆಯನ್ನು ಬಿಗಿಮಾಡಿಕೊಂಡು, "ಮುಂದಿನ ಸಲ ಗು... ಗುರಾಣಿ ಮಾಡೋಣ. ಕೋವಿ ಬೇಡ."

ಮುಂದಿನ ಬೇಸಗೆ ಅವರು ಗುರಾಣಿಯನ್ನೇ ಒಯ್ದರು. ತೀರ್ಪುಗಾರರ ಮುಂದೆ ಸುಮಿಯೆ ನಿಂತಳು. ಕೊಟ್ಟ ಸಮಯ ಸಾಲದೆ ಅವಳ ಮಾತು ಅರ್ಧಕ್ಕೆ ಉಳಿಯಿತು. ಮೂರನೆಯ ಬಹುಮಾನ ಬಂತು.