ಎರಡು ಸೀಟಿನ ಕೆಂಪು ಕಾರು

ಗ್ಯಾರೇಜಿನ ಮೇಸ್ತ್ರಿಯನ್ನು ಕೇಳದೆ ಆ ಬೀದಿಯಲ್ಲಿ ಯಾರೂ ಹಳೇ ಗಾಡಿ ಕೊಳ್ಳುತ್ತಿರಲಿಲ್ಲ. ಸ್ಪೋರ್ಟ್ಸ್ ಕಾರಿನ ಆಸೆ ಹೊತ್ತು ಬಂದವರಿಗೆ ಅವನು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ: "ತಗೊಳ್ಳೋದು ಬಿಡಿ ಸ್ವಾಮಿ, ಕ್ಲಚ್ ಹೋದ್ರೆ ಏನ್ ಮಾಡ್ತೀರಿ? ಪಾರ್ಟು ಹಡಗಲ್ಲಿ ಬರಬೇಕು."

ಅಂಥವನೇ ಕೊನೆಗೆ ಒಂದನ್ನು ಮನೆ ಹಿಂದಿನ ಬಾಡಿಗೆ ಶೆಡ್ಡಿಗೆ ತಂದ. ಯಾರೋ ರಿಪೇರಿಗೆ ಬಿಟ್ಟವರು ಖರ್ಚು ಕೇಳಿ ಕೈ ಚೆಲ್ಲಿ, ನೀನೇ ಇಟ್ಕೋ ಎಂದಿದ್ದರು.

"ಮನೇಲಿ ನಾಲ್ಕು ಜನ, ಸೀಟು ಎರಡು. ಮಕ್ಕಳನ್ನ ಡಿಕ್ಕೀಲಿ ಹಾಕ್ತೀರಾ?" ಎಂದಳು ಹೆಂಡತಿ.

"ನಾವಿಬ್ರೇ ಹೋಗೋದು ಕಣೇ."

ಆರು ವರ್ಷ ಬಿಚ್ಚಿದ, ಕಟ್ಟಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಅದರ ಸದ್ದು ಕೇಳುತ್ತಿದ್ದ. ಅವಳ ಮಾತನ್ನು ಅಷ್ಟು ಗಮನವಿಟ್ಟು ಎಂದೂ ಕೇಳಲಿಲ್ಲ. ಇಂಜಿನ್ ಸರಿಹೋದ ವಾರವೇ ಎದೆನೋವು ಬಂತು. ಆಸ್ಪತ್ರೆ ಮುಟ್ಟಲಿಲ್ಲ.

ಆಮೇಲೆ ಅವಳು ಕಾರನ್ನು ಯಾರಿಗೂ ಮುಟ್ಟಗೊಡಲಿಲ್ಲ. ದಪ್ಪ ಟಾರ್ಪಾಲು ತಂದು, ನೆಲದವರೆಗೂ ಸುತ್ತಿ, ಹಗ್ಗ ಬಿಗಿದಳು. ಧೂಳು ಕೂರಬಾರದು, ಅಷ್ಟೇ ಅವಳಿಗೆ ಗೊತ್ತಿದ್ದದ್ದು. ವರ್ಷ ಕಳೆದು ಮೈದುನ ಹಗ್ಗ ಬಿಚ್ಚಿದ. ಅವನೂ ಅದೇ ಗ್ಯಾರೇಜಿನವನು. ಒಳಗೆಲ್ಲ ತೇವ ಕಟ್ಟಿತ್ತು. ಬೆರಳಲ್ಲಿ ಒತ್ತಿದರೆ ತಳದ ತಗಡು ಪುಡಿಯಾಯಿತು.

"ಗಾಳಿ ಆಡಬೇಕಿತ್ತು ಅತ್ತಿಗೆ. ಉಸಿರು ಕಟ್ಟಿಸಿಬಿಟ್ರಿ."



ಶೆಡ್ಡಿನ ಮಾಲೀಕ ತಿಂಗಳಲ್ಲಿ ಖಾಲಿ ಮಾಡಿ ಎಂದಿದ್ದ. ಬಿಚ್ಚಿ ಬಿಡಿಬಿಡಿಯಾಗಿ ಮಾರೋಣ ಎಂದ ಮೈದುನ. ಅವಳು ಒಪ್ಪಲಿಲ್ಲ. ಗಂಡ ಕಟ್ಟಿದ್ದು ಇಡಿಯಾಗಿ ರಸ್ತೆಗೆ ಇಳಿಯಬೇಕು. ಅದೊಂದೇ ಹಟ.

ಕೊಳ್ಳಲು ಒಬ್ಬ ಬಂದ, ಹೊಸದಾಗಿ ಮೇಷ್ಟ್ರ ಕೆಲಸ ಸಿಕ್ಕವನು. ಕಾರಿನ ಬಾಗಿಲ ಮೇಲೆ ಇಟ್ಟ ಕೈ ತೆಗೆಯಲೇ ಇಲ್ಲ. ಸುಮ್ಮನಿರಿ ಎಂದು ಮೈದುನ ಅವಳಿಗೆ ಕಣ್ಸನ್ನೆ ಮಾಡಿದ.

"ಮುಂದೆ ಏನಾದ್ರೂ ಖರ್ಚು ಬೀಳುತ್ತಾ ಅಮ್ಮಾ?"

ಸುಮ್ಮನಿದ್ದಿದ್ದರೆ ಕಾರು ಇಡಿಯಾಗಿ ಉಳಿಯುತ್ತಿತ್ತು.

"ಬೀಳುತ್ತಪ್ಪಾ," ಎಂದಳು. "ತಳ ತುಕ್ಕು ತಿಂದಿದೆ, ನಾನೇ ಹಾಳು ಮಾಡಿದ್ದು. ಬ್ರೇಕಿನ ಪಾರ್ಟು ಇಲ್ಲಿ ಸಿಗಲ್ಲ. ವರ್ಷಾ ವರ್ಷಾ ಒಂದಲ್ಲ ಒಂದು ಇದ್ದೇ ಇರುತ್ತೆ. ನಿನ್ನ ಸಂಬಳ ಇದರ ಹೊಟ್ಟೆಗೆ ಸಾಲಲ್ಲ. ಬಸ್ಸಲ್ಲೇ ಓಡಾಡು."

ಅವನು ಕಾರನ್ನು ಇನ್ನೊಂದು ಸುತ್ತು ಹಾಕಿ ನೋಡಿ ಹೊರಟುಹೋದ.

"ಬಂದ ಗಿರಾಕೀನ ಓಡಿಸಿದ್ರಲ್ಲ! ಅಣ್ಣನಿಗಿಂತ ಒಂದು ಕೈ ಮೇಲು ನೀವು," ಎಂದ ಮೈದುನ.

ಅವಳು ಟಾರ್ಪಾಲನ್ನು ಮಡಿಸಿ ಮೂಲೆಗಿಟ್ಟಳು. ಆಮೇಲೆ, "ಬಿಚ್ಚಪ್ಪಾ," ಎಂದಳು.

ಅವನು ಮೊದಲು ಚಕ್ರ ಕಳಚಿದ. ಅವಳು ನೆಲದ ಮೇಲೆ ಕೂತು, ಅವನು ಕೊಟ್ಟ ನಟ್ಟುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕಿದಳು.